58ರಾಗ ಕಟರ್‌ಗೆ ಬೆರಳ ಸಿಕ್ಕದ, ಇನ್ನ ಬಡಿಗತನ ಬಿಟ್ಟ ಬಿಡ್ಬೇಕೇನ್ರಿ?

ಪ್ರಶ್ನೆ: ಸರ, ನಮ್ದು ಆಳಂದ ತಾಲೂಕ, ನನಗ ಈಗ 58. ಅಪ್ಪನ ಕಾಲದಿಂದ ಬಡಿಗತನ, ಮೊದ್ಲ ಕೂರಿಗಿ ಕುಂಟಿ ಮಾಡ್ತಿದ್ವಿ, ಈಗ ಬಾಗಲಾ, ಕಿಡಕಿ, ದಿವಾನ. ಐದ ತಿಂಗಳ ಹಿಂದ ಸಂಜಿ ಮುಂದ ಬೀಡಿಂಗ್ ಪಟ್ಟಿ ಸೀಳ್ಲಾಕ ಹತ್ತಿದ್ದೆ, ಟೇಬಲ್ ಕೆಳಗ ಉಲ್ಟಾ ಫಿಟ್ ಮಾಡಿದ ಮಾರ್ಬಲ್ ಕಟರ್‌ಗೆ ಎಡಗೈ ತೋರಬೆರಳ ಸಿಕ್ತು. ಆಪರೇಶನ್ ಮಾಡಿ ಟೆಂಡನ್, ನರ ಎರಡೂ ಜೋಡ್ಸ್ಯಾರ. ಬೆರಳ ಅರ್ಧಾ ಅಷ್ಟೇ ಮಡಚ್ತದ, ತುದಿ ಸತ್ತಂಗ ಅದ. ಬಲಗೈ ರಾತ್ರಿ ಜೋಮ ಹಿಡಿತದ, ಮೊಣಕಾಲ ಬಿ ನೋವು. ಶುಗರ್ ಗುಳಗಿ ನಡದಾವ. ಮಗ ಸಾಕ್ ಬಿಡಪ್ಪಾ ಅಂತಾನ, ನನಗ ಮನ್ಯಾಗ ಸುಮ್ನ ಕೂಡ್ಲಾಕ ಆಗಲ್ಲ. ಮತ್ತ ಕಟರ್ ಹಿಡಿಬಹುದಾ?

ಉತ್ತರ:

ಕಾಕಾ, ಬಡಿಗತನ ಬಿಡೋದ್ ಬ್ಯಾಡ್ರಿ. ಆದ್ರ ಆ ಉಲ್ಟಾ ಕಟರ್ ಬಿಡ್ರಿ, ಇವತ್ತೇ ಬಿಚ್ಚಿ ತಗದ್ ಹಾಕ್ರಿ. ನಿಮಗ 58 ಆಗ್ಯದ ಅಂತ ಹೇಳ್ಲಾಕತ್ತಿಲ್ಲ, 25ರ ಹುಡುಗ ಇದ್ರೂ ಇದೇ ಮಾತ ಹೇಳ್ತಿದ್ದೆ. ನಿಮ್ಮ ಮಗ ಬಿಡು ಅಂದ್ರ ಅಂವಗ ಹೇಳ್ರಿ, ಯಾವುದು ಬಿಡ್ಬೇಕು ಯಾವುದು ಇಟ್ಕೋಬೇಕು ಅಂತ ಆರಿಸ್ಲಾಕ ಬರ್ತದ, ಎಲ್ಲಾ ಒಂದೇ ಸಲ ಬಿಡೋ ಅವಶ್ಯಕತಾ ಇಲ್ಲ ಅಂತ.

ನಾ ಕಲಬುರಗ್ಯಾಗ ಫಿಜಿಯೋಥೆರಪಿ ಮಾಡ್ತೀನಿ, ಆಪರೇಶನ್ ಮಾಡೋ ಡಾಕ್ಟರ್ ಅಲ್ಲ, ಆದ್ರ ಕೈ ಕೊಯ್ಕೊಂಡ ಬಡಿಗೇರ್ರು, ವೆಲ್ಡಿಂಗ್‌ನೋರು, ಟೇಲರ್‌ಗಳು ಹೊಲಿಗಿ ಬಿಚ್ಚಿದ ಮ್ಯಾಲ ನಮ್ಮಂಥೋರ ಕಡಿಗೇ ಬರ್ತಾರ, ಹಿಂಗಾಗಿ ಬೆರಳ ಹೆಂಗ ಹೋಗ್ತದ ಅನ್ನೋ ಕಥಿ ಭಾಳ ಕೇಳೀನಿ. ಆ ಕಥಿಗಳಾಗ ನಿಮ್ಮ ಉಲ್ಟಾ ಕಟರ್ ಪದೇ ಪದೇ ಬರ್ತದ.

ಯಾಕ ಅಂತ ನೋಡ್ರಿ. ನಾಕ ಇಂಚಿನ ಮಾರ್ಬಲ್ ಕಟರ್ ನಿಮಿಷಕ್ಕ 12,000ಕ್ಕೂ ಹೆಚ್ಚ ಸುತ್ತ ತಿರಗತದ, ಬ್ಲೇಡಿನ ಹಲ್ಲು ಹೆಚ್ಚು ಕಡಿಮಿ ತಾಸಿಗಿ 250 ಕಿಲೋಮೀಟರ್ ಸ್ಪೀಡಿನ್ಯಾಗ ಓಡತಿರ್ತದ. ಏನರ ಆದ್ರ ಮನಷಾ ಕೈ ಹಿಂದ ಎಳ್ಕೊಳ್ಲಾಕ ಸೆಕೆಂಡಿನ ಐದ್ನೇ ಒಂದ ಪಾಲು, ನಾಲ್ಕ್ನೇ ಒಂದ ಪಾಲು ಬೇಕು, ಅದು ಎಷ್ಟೇ ಚುರುಕ್ ಇದ್ದಾಂವಗ ಬಿ. ಅಷ್ಟರಾಗ ಬ್ಲೇಡ್ 40–50 ಸುತ್ತ ತಿರಗಿ ಮುಗಿಸಿರ್ತದ. ಅಂದ್ರ ಹುಷಾರಾಗಿರ್ರಿ, ಲಕ್ಷ್ಯ ಇಟ್ಟ ಮಾಡ್ರಿ ಅನ್ನೋದೆಲ್ಲ ಬಾಯಿಮಾತು. ಲಕ್ಷ್ಯಕ್ಕ ಅಷ್ಟ ಟೈಮೇ ಸಿಗಲ್ಲ. ಕೈ ಬ್ಲೇಡಿನ ಸನಿಕ ಹೋಗಲಾರ್ದಂಗ ಮೊದ್ಲೇ ಜೋಡಸಿರ್ಬೇಕು, ನಾ ಇಡೀ ಉತ್ತರದಾಗ ಹೇಳೋದು ಇದೊಂದೇ.

ಸಣ್ಣ ಪಟ್ಟಿ ಸೀಳುವಾಗ ಏನ್ ಆಗ್ತದ ಅಂದ್ರ ಕಟಗಿ ಸೀಳಿದ ಸಂದಿ ಹಿಂದ ಮುಚ್ಕೊಂತದ, ಬ್ಲೇಡಿನ ಹಿಂದಿನ ಹಲ್ಲು ಅದನ್ನ ಕಚ್ಚಿ ಮ್ಯಾಲ ಎತ್ತಿ ನಿಮ್ಮ ಕಡಿಗೇ ಒಗಿತದ. ನೀವು ಕಟಗಿ ಮುಂದ ದಬ್ತಾ ಇರ್ತೀರಿ, ಒಮ್ಮಿಂದೊಮ್ಮಿಗಿ ಕೈ ಕೆಳಗ ಕಟಗೀನೇ ಇರಂಗಿಲ್ಲ, ದಬ್ಬೋ ಜೋರಿಗಿ ಕೈ ಸೀದಾ ಬ್ಲೇಡಿಗೇ ಹೋಗ್ತದ. ನಿಮ್ದು ಹಿಂಗೇ ಆಗಿರ್ಬೇಕು ಅನಸ್ತದ. ಕಂಪನಿ ಮಾಡಿದ ಖರೆ ಟೇಬಲ್ ಸಾ (ಟೇಬಲ್ ಗರಗಸ) ಮಶೀನಿನ್ಯಾಗ ಬ್ಲೇಡಿನ ಹಿಂದ ಒಂದು ತೆಳ್ಳನ ಉಕ್ಕಿನ ಪಟ್ಟಿ ನಿಂತಿರ್ತದ, ಆ ಸಂದಿ ಮುಚ್ಚಲಾರ್ದಂಗ ಹಿಡ್ಯೋದು ಅದರ ಕೆಲಸ. ಮ್ಯಾಲ ಗಾರ್ಡ್ ಇರ್ತದ. ಮನ್ಯಾಗ ಪ್ಲೈ ಕೆಳಗ ಉಲ್ಟಾ ಹಾಕಿದ್ದಕ್ಕ ಇವೆರಡೂ ಇರಲ್ಲ, ಸಾಲ್ದಕ್ಕ ಸ್ವಿಚ್ ಬಿ ಟೇಬಲ್ ಕೆಳಗ, ಲಾಕ್ ಮಾಡಿಟ್ಟದ್ದು. ಬೆರಳ ಸಿಕ್ಕಾಗ ಬಗ್ಗಿ ಬಂದ್ ಮಾಡೋದು ಹೆಂಗ?

ಇನ್ನೊಂದು ಅದ, ಇದನ್ನ ನಮ್ಮ ಕಡೀ ಮಂದಿ ಲಕ್ಷ್ಯಕ್ಕೇ ತಗೊಳಂಗಿಲ್ಲ. ಕರೆಂಟ್ ಹೋಗ್ತದ, ನಡು ಸೀಳಿದ ಕಟಗಿ ಬ್ಲೇಡಿನ್ಯಾಗೇ ಸಿಕ್ಕಿರ್ತದ, ಕರೆಂಟೇ ಇಲ್ಲಲಾ ಅಂತ ಕೈ ಹಾಕಿ ಬಿಡಸ್ತೀರಿ, ಅಷ್ಟರಾಗ ಕರೆಂಟ್ ಬರ್ತದ. ಸ್ವಿಚ್ ಲಾಕ್ ಇದ್ದದ್ದಕ್ಕ ಮಶೀನ್ ತಾನೇ ಸುರು ಆಗ್ತದ. ಕರೆಂಟ್ ಹೋದ ಕೂಡ್ಲೇ ಪಿನ್ ಕಿತ್ತ ಕೈಯಾಗ ಹಿಡ್ಕೊಂಡೇ ಮುಂದಿನ ಕೆಲಸ. ಕರೆಂಟ್ ವಾಪಸ್ ಬಂದ್ರ ತಾನೇ ಸುರು ಆಗಲಾರ್ದ ಸ್ವಿಚ್ ಸಿಗ್ತಾವ, ನೋ ವೋಲ್ಟ್ ಸ್ವಿಚ್ ಅಂತ ಕೇಳ್ರಿ, ಕೆಂಪ ದೊಡ್ಡ ಬಟನ್ ಇರೋದು, ಅದನ್ನ ತೊಡಿಗಿ ತಾಗೋ ಜಾಗಾದಾಗ ಕೂಡ್ಸಿದ್ರ ಎರಡೂ ಕೈ ಕಟಗಿ ಮ್ಯಾಲಿದ್ರೂ ತೊಡೀಲೇ ಬಂದ್ ಮಾಡಬಹುದು.

ಹಂಗಾದ್ರ ಪಟ್ಟಿ ಯಾರ್ ಸೀಳಬೇಕು? ಸಾ ಮಿಲ್‌ನ್ಯಾಗ ಸೀಳಸ್ಕೊಂಡ ಬರ್ರಿ, ಇಲ್ಲಂದ್ರ ರೆಡಿಮೇಡ್ ಬೀಡಿಂಗ್ ತರ್ರಿ. ರೊಕ್ಕ ಸ್ವಲ್ಪ ಹೆಚ್ಚ ಹೋಗ್ತದ, ಗಿರಾಕಿಗಿ ಹೇಳಿ ಹಚ್ಚ್ರಿ, ಬೆರಳ ರಿಪೇರಿಗಿ ಎಷ್ಟ ಹೋಯ್ತು ಅನ್ನೋದು ನಿಮಗೇ ಗೊತ್ತದ. ಮಗನೂ ಇದೇ ಧಂದಾದಾಗ ಇದ್ರ ಇಬ್ರೂ ಕೂಡಿ ಗಾರ್ಡ್ ಇರೋ ಟೇಬಲ್ ಸಾ ತಗೋರಿ, ಪುಶ್ ಸ್ಟಿಕ್ (ಕಟಗಿ ದಬ್ಬೋ ಕೋಲು) ಅಂತೂ ನೀವೇ ಹತ್ತ ನಿಮಿಷದಾಗ ಮಾಡ್ತೀರಿ, ತುದಿಗಿ ಹಕ್ಕಿ ಬಾಯಿ ಥರ ಕಚ್ಚ ಹಾಕಿದ ಪ್ಲೈ ತುಂಡು ಸಾಕು. ಬ್ಲೇಡ್ ಮತ್ತ ಬೆರಳಿನ ನಡುವ ಒಂದ ಗೇಣ ಜಾಗಾ ಉಳಿಯಂಗಿಲ್ಲ ಅಂದ್ರ ಅಲ್ಲಿಂದ ಮುಂದ ಕೈ ಬ್ಯಾಡ, ಸ್ಟಿಕ್. ಬ್ಲೇಡಿನ ಸೀದಾ ಲೈನಿನ್ಯಾಗ ನಿಂದ್ರಬ್ಯಾಡ್ರಿ, ಬಾಜು ನಿಂದ್ರ್ರಿ. ಹ್ಯಾಂಡ್ ಗ್ಲೌಸ್ ಹಾಕ್ಕೊಂಡ ತಿರಗೋ ಬ್ಲೇಡಿನ ಮುಂದ ಹೋಗಬ್ಯಾಡ್ರಿ, ಗ್ಲೌಸ್ ಬೆರಳ ಉಳಸಲ್ಲ, ಕೈನೇ ಒಳಗ ಎಳಿತದ. ನಾಕ ಇಂಚಿನ ಗ್ರೈಂಡರ್‌ಗೆ ಕಟಗಿ ಕೊಯ್ಯೋ ಹಲ್ಲಿನ ಬ್ಲೇಡ್ ಹಾಕ್ತಾರಲ್ಲ, ಅದಂತೂ ಯಾರೂ ಮಾಡಬ್ಯಾಡ್ರಿ, ಅದರ ಬಗ್ಗಿ ಚರ್ಚಾನೇ ಇಲ್ಲ.

ಈಗ ಬೆರಳಿಗಿ ಬರ್ತೀನಿ.

ಕೊಯ್ದ ನರ ಜೋಡ್ಸಿದ ಮ್ಯಾಲ ದಿನಕ್ಕ ಸುಮಾರು ಒಂದ ಮಿಲಿಮೀಟರ್ ಬೆಳಿತದ, ಅಂದ್ರ ತಿಂಗಳಿಗಿ ಒಂದ ಇಂಚಿನ ಲೆಕ್ಕಾ, ಅದೂ ಸುರು ಆಗ್ಲಾಕ ಕೆಲವು ವಾರ ತಗೊಂತದ. ಐದ ತಿಂಗಳ ಆಗ್ಯದ ಅಂದ್ರ ನರ ತುದಿ ತನಕ ಬಂದಿರಬಹುದು, ಆದ್ರ ಬಂದ ನರ ಮೊದಲಿನಂಗ ಸುದ್ದಿ ಮುಟ್ಟಸಲ್ಲ, ವಯಸ್ಸ 50 ದಾಟಿದೋರಿಗಿ ಮತ್ತ ಶುಗರ್ ಇದ್ದೋರಿಗಿ ಇನ್ನೂ ಕಡಿಮಿ. ನಾ ಸುಳ್ಳ ಆಸಿ ಹಚ್ಚಂಗಿಲ್ಲ, ಮೊದಲಿನ ಸ್ಪರ್ಶ ಪೂರಾ ಬರೋದು ಕಷ್ಟ. ಬಿಸಿ, ಚುಚ್ಚೋದು, ಒತ್ತೋದು ಗೊತ್ತಾಗೋ ಮಟ್ಟಕ್ಕ ಬರ್ಲಾಕ ಚಾನ್ಸ್ ಅದ, ಅದಕ್ಕ ಮೆದುಳಿಗಿ ಸ್ವಲ್ಪ ಪಾಠ ಹೇಳಿ ಕೊಡಬೇಕಾಗ್ತದ.

ಇದಕ್ಕ ಬೇಕಾದ ಸಾಮಾನೆಲ್ಲಾ ನಿಮ್ಮ ಅಂಗಡ್ಯಾಗೇ ಅದ. 80, 120, 220 ನಂಬರ್ ಸ್ಯಾಂಡ್ ಪೇಪರ್ ಸಣ್ಣ ತುಂಡ ಮಾಡಿ ಒಂದ ಹಲಗಿಗಿ ಅಂಟಸ್ರಿ, ಬಾಜು ಒಂದ ಸಾಗವಾನಿ ತುಂಡು ರಂದಾ ಹೊಡದದ್ದು, ಒಂದ ಪ್ಲೈ, ಒಂದ ಅರಿವಿ ಚೂರು. ಮೊದ್ಲ ಕಣ್ಣ ತೆರ್ದು ಬೆರಳ ತುದೀಲಿ ಒರಸಿ ನೋಡ್ರಿ, ಆಮ್ಯಾಲ ಕಣ್ಣ ಮುಚ್ಚಿ ಇದು ಯಾವುದು ಅಂತ ಹೇಳ್ರಿ, ತಪ್ಪಿದ್ರ ಕಣ್ಣ ತೆರ್ದು ನೋಡಿ ಮತ್ತ ಒರಸ್ರಿ. ಬಲಗೈ ಬೆರಳಿಗಿ ಏನ್ ಗೊತ್ತಾಗ್ತದ, ಎಡಗೈ ಬೆರಳಿಗಿ ಏನ್ ಗೊತ್ತಾಗ್ತದ ಅಂತ ತಾಳೆ ಹಾಕ್ರಿ. ದಿನಾ ಎರಡ ಮೂರ ಸಲ, ಐದೈದ ನಿಮಿಷ. ಮೊಮ್ಮಕ್ಕಳಿದ್ರ ಅವರ ಕೈಯಾಗ ಹಲಗಿ ಕೊಡ್ರಿ, ಪರೀಕ್ಷಾ ತಗೊಳ್ಲಾಕ ಅವಕ್ಕ ಭಾಳ ಖುಷಿ.

ಅಲ್ಲೀ ತನಕ ಆ ಬೆರಳನ್ನ ನಂಬಬ್ಯಾಡ್ರಿ. ಕೆಲಸ ಮುಗದ ಮ್ಯಾಲ ದಿನಾ ಸಂಜಿ ಕೈ ತೊಳದು ಬೆಳಕಿನ್ಯಾಗ ಬೆರಳ ತಿರಗಸಿ ನೋಡ್ರಿ, ಸಿಬರ ಚುಚ್ಚಿರಬಹುದು, ಸಣ್ಣ ಗಾಯ ಆಗಿರಬಹುದು, ನೋವೇ ಇರಲಾರ್ದಕ್ಕ ಗೊತ್ತಾಗಿರಲ್ಲ, ಶುಗರ್ ಇದ್ದೋರಿಗಿ ಅಂಥ ಸಣ್ಣ ಗಾಯನೇ ಕೀವ ಆಗಿ ದೊಡ್ಡದಾಗ್ತದ. ಚಳಿಗಾಲದಾಗ ಆ ಬೆರಳ ತಣ್ಣಗ ಆಗಿ ಝುಮ್ ಅಂತದ, ಅದು ನರ ಕೊಯ್ದ ಭಾಳ ಮಂದಿಗಿ ಆಗೋದೇ, ಮುಂಜಾನಿ ಉಗುರ ಬೆಚ್ಚನ ನೀರಿನ್ಯಾಗ ಕೈ ಇಟ್ಟು ಕೆಲಸ ಸುರು ಮಾಡ್ರಿ. ನೀರಿನ ಬಿಸಿ ಬಲಗೈಲೇ ನೋಡಬೇಕ್ರಿ, ಎಡಗೈ ಬೆರಳಿಗಿ ಸುಟ್ಟರೂ ತಿಳಿಯಂಗಿಲ್ಲ.

ಅರ್ಧಾ ಮಡಚೋದು ಯಾಕಂದ್ರ, ಟೆಂಡನ್ ಅನ್ನೋ ಹುರಿ ಒಂದ ಕೊಳವಿ ಒಳಗ ಜಾರಬೇಕು, ಗಾಯ ಮಾಯುವಾಗ ಸುತ್ತಲಿನ ಮಾಂಸಕ್ಕ ಅಂಟ್ಕೊಂಡಿರ್ತದ, ಪಾಯಜಾಮದ ಲಾಡಿ ನಡು ಹೊಲಿಗಿಗಿ ಸಿಕ್ಕಂಗ. ಸಾಮಾನ್ಯ 12 ವಾರ ಆದ ಮ್ಯಾಲ ಜೋಡ್ಸಿದ ಟೆಂಡನ್ ಜೋರ ತಡಕೊಂತದ, ನಿಮಗ ಐದ ತಿಂಗಳ ಆಗ್ಯದ, ಹಿಂಗಾಗಿ ಆಪರೇಶನ್ ಮಾಡಿದ ಡಾಕ್ಟರಿಗಿ ಒಂದ ಮಾತ ಕೇಳಿ ಇದನ್ನ ಮಾಡ್ರಿ: ಬೆರಳ ತುದಿ ಗಂಟಿನ ಕೆಳಗ ಇನ್ನೊಂದ ಕೈಲೇ ಹಿಡದು ಬರೇ ತುದಿ ಗಂಟ ಮಡಚ್ರಿ, ಆಮ್ಯಾಲ ಕೊಕ್ಕಿ ಥರ, ಆಮ್ಯಾಲ ಪೂರಾ ಮುಟಗಿ. ಗಾಯದ ಗುರ್ತಿನ ಮ್ಯಾಲ ಕೊಬ್ರಿ ಎಣ್ಣಿ ಹಚ್ಚಿ ಹೆಬ್ಬಟ್ಟಿಲೇ ಗಟ್ಟಿ ತಿಕ್ಕ್ರಿ. ಕೈಲೇ ಎಳದ್ರ ಬೆರಳ ಪೂರಾ ಮಡಚ್ತದ, ತಾನೇ ಮಡಚಂಗಿಲ್ಲ ಅಂದ್ರ ಅಂಟ್ಕೊಂಡದ ಅಂತ ಅರ್ಥ. ಇನ್ನೆರಡ ತಿಂಗಳ ಛಂದಗ ವ್ಯಾಯಾಮ ಮಾಡಿಯೂ ಇದ್ದಲ್ಲೇ ಇದ್ರ ಅಂಟಿದ್ದನ್ನ ಬಿಡಸೋ ಸಣ್ಣ ಆಪರೇಶನ್ ಅದ, ಕೈ ಸರ್ಜನ್ ಹತ್ರ ಮಾತಾಡ್ರಿ. ತಂಬಾಕ, ಬೀಡಿ ಅದೋ ಇಲ್ಲೋ ನೀವು ಬರ್ದಿಲ್ಲ. ಇದ್ರ ಬಿಡ್ರಿ, ನಿಕೋಟಿನ್ ಬೆರಳಿನ ಸಣ್ಣ ರಕ್ತನಾಳಾನೇ ಬಿಗಿ ಮಾಡ್ತದ, ಗಾಯ ಮಾಯಂಗಿಲ್ಲ.

ಎಡಗೈ ಹಿಡ್ಯೋ ಕೈ, ಬಲಗೈ ಹೊಡ್ಯೋ ಕೈ. ಹಿಡ್ಯೋ ಕೈನೇ ಸೋತದ ಅಂದ್ರ ಹಿಡ್ಯೋ ಕೆಲಸ ಕಬ್ಬಿಣಕ್ಕ ಕೊಡ್ರಿ. ನಾಕ ಸಿ ಕ್ಲಾಂಪ್, ಒಂದ ಛಲೋ ಬೆಂಚ್ ವೈಸ್. ನಮ್ಮ ಕಡೀ ಬಡಿಗೇರ್ರು ನೆಲಕ್ಕ ಕೂತು ಕಾಲ ಬೆರಳಿನ್ಯಾಗ ಕಟಗಿ ಒತ್ತಿ ಹಿಡದು ಉಳಿ ಹೊಡೀತಾರ, ಬಾಚೀಲೇ ಕೆತ್ತುವಾಗ ಪೆಟ್ಟ ತಮ್ಮ ಪಾದದ ಕಡಿಗೇ ಬರ್ತಿರ್ತದ, ನೋಡ್ಲಾಕ ಭಾಳ ಕಲಾ ಅದ ಖರೆ, ನಾನೂ ಸಣ್ಣಾಂವಿದ್ದಾಗ ನಿಂತ ನೋಡ್ತಿದ್ದೆ. ಆದ್ರ ಶುಗರ್ ಇದ್ದ ಕಾಲಿಗಿ ಆ ಪೆಟ್ಟ ಬಿದ್ರ ತಿಂಗಳಗಟ್ಟಲೆ ಮಾಯಂಗಿಲ್ಲ. ನಿಮ್ಮ ಮೊಣಕಾಲ ನೋವಿಗೂ ಮದ್ದು ಇದ್ರಾಗೇ ಅದ, ಕೆಲಸ ನೆಲದಿಂದ ಮ್ಯಾಲ ಎತ್ತ್ರಿ. ನಿಂತಾಗ ಕೈ ಇಳಿ ಬಿಟ್ರ ಮಣಿಕಟ್ಟ ಎಲ್ಲಿ ಬರ್ತದೋ ಅಷ್ಟ ಎತ್ತರದ ಬೆಂಚು ರಂದಾಕ್ಕ ಸರಿ, ಉಳಿ ಕೆಲಸಕ್ಕ ಸ್ವಲ್ಪ ಎತ್ತರ ಇರ್ಲಿ, ಬಾಜು ಒಂದ ಸ್ಟೂಲ್. ಬೆಂಚ್ ಮಾಡ್ಲಾಕ ನಿಮಗ ಯಾರೂ ಕಲಸಬೇಕಾಗಿಲ್ಲ. ದಿನಾ ಮುಂಜಾನಿ ಸಂಜಿ ಕುರ್ಚಿ ಮ್ಯಾಲಿಂದ ಕೈ ಊರಲಾರ್ದ ಹತ್ತ ಸಲ ಎದ್ದ ಕೂಡ್ರಿ, ತೊಡಿ ಗಟ್ಟಿ ಆದ್ರ ಮೊಣಕಾಲಿಗಿ ಭಾರ ಕಡಿಮಿ ಆಗ್ತದ. ನೋವಿಗಿ ಅಂತ ಮೆಡಿಕಲ್‌ನ್ಯಾಗ ಡೈಕ್ಲೋಫಿನ್ಯಾಕ್ ಗುಳಗಿ ನೀವೇ ಕೇಳಿ ತಗೊಂಡ ದಿನಾ ನುಂಗಬ್ಯಾಡ್ರಿ, ಕಿಡ್ನಿಗಿ, ಹೊಟ್ಟಿಗಿ, ಬಿಪಿಗಿ ಮೂರಕ್ಕೂ ಕೆಟ್ಟದ್ದು, ಶುಗರ್ ಇದ್ದೋರ ಕಿಡ್ನಿ ಮೊದ್ಲೇ ನಾಜೂಕ.

ಉಳಿ ಮಾತ್ರ ಯಾವಾಗ್ಲೂ ಹರಿತ ಇರ್ಲಿ. ಮೊಂಡ ಉಳಿಗಿ ಜೋರ ಹೆಚ್ಚ ಹಾಕಬೇಕಾಗ್ತದ, ಹೆಚ್ಚ ಜೋರ ಹಾಕಿದಾಗೇ ಅದು ಜಾರ್ತದ. ಎರಡೂ ಕೈ ಅಲಗಿನ ಹಿಂದ. ಕಬ್ಬಿಣದ ತಲಿ ಇರೋ ಉಳಿ ಇದ್ರ ಹೊಡದು ಹೊಡದು ತಲಿ ಅಣಬಿ ಥರ ಹರಡಿರ್ತದಲ್ಲ, ಆ ಅಂಚ ಗ್ರೈಂಡರ್‌ಲೇ ತಗದ ಹಾಕ್ರಿ, ಅಲ್ಲಿಂದ ಚೂರ ಹಾರಿ ಸೀದಾ ಕಣ್ಣಿಗಿ ಹೋಗ್ತದ. ಹಿಡಕಿ ಸಣ್ಣ ಇದ್ರ ಹಳೀ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡ್ಕೋರಿ, ಹಿಡಿತ ಕಡಿಮಿ ಇದ್ದ ಕೈಗಿ ದಪ್ಪ ಹಿಡಕೀನೇ ಆರಾಮ.

ಬಲಗೈ ರಾತ್ರಿ ಜೋಮ ಹಿಡ್ಯೋದು ಬ್ಯಾರೇ ಬ್ಯಾನಿ, ಇದನ್ನ ಬಿಡಬ್ಯಾಡ್ರಿ. ಹೆಬ್ಬಟ್ಟು, ತೋರಬೆರಳ, ನಡು ಬೆರಳ ಜೋಮ ಆಗಿ, ನಿದ್ದಿಯಿಂದ ಎದ್ದು ಕೈ ಝಾಡಿಸಿದ್ರ ಹಗುರ ಆಗ್ತದ ಅಂದ್ರ ಮಣಿಕಟ್ಟಿನ್ಯಾಗ ನರ ಒತ್ತಲಾಕತ್ತದ, ಕಾರ್ಪಲ್ ಟನಲ್ ಅಂತಾರ. ಶುಗರ್, ಥೈರಾಯ್ಡ್ ಇದ್ದೋರಿಗಿ ಹೆಚ್ಚ, ನಡಗೋ ಮಶೀನ್ ಹಿಡ್ಯೋರಿಗಿ ಹೆಚ್ಚ, ನಿಮಗ ಶುಗರ್ ಬಿ ಅದ, ಮಶೀನ್ ಬಿ ಅದ. ಕಿರಿಬೆರಳ ಜೋಮ ಆಗ್ತಿದ್ರ ಅದು ಮೊಣಕೈ ಕಡಿ ನರದ ತಕರಾರು, ಮೊದ್ಲ ಯಾವ ಬೆರಳ ಅಂತ ನೋಡ್ಕೋರಿ. ಮಣಿಕಟ್ಟ ಸೀದಾ ಇಡೋ ಸ್ಪ್ಲಿಂಟ್ ಸಿಗ್ತದ, ರಾತ್ರಿ ಮಲಗುವಾಗ ಆರ ವಾರ ಹಾಕ್ರಿ, ಭಾಳ ಮಂದಿಗಿ ಅಷ್ಟಕ್ಕೇ ಕಡಿಮಿ ಆಗ್ತದ. ಹೆಬ್ಬಟ್ಟಿನ ಬುಡದ ಮಾಂಸ ಇಳಿದದ, ಸ್ಕ್ರೂ ಕೈಯಾಗ ನಿಂದ್ರಂಗಿಲ್ಲ, ಬೀಳ್ತದ ಅಂದ್ರ ಮಾತ್ರ ಆರ ವಾರ ಕಾಯಬ್ಯಾಡ್ರಿ, ಕಲಬುರಗಿ ಜಿಮ್ಸ್ ಸರಕಾರಿ ದವಾಖಾನಿ ಇರ್ಲಿ, ಇಎಸ್‌ಐ ದವಾಖಾನಿ ಇರ್ಲಿ, ಆರ್ಥೋ (ಎಲವಿನ) ಓಪಿಡಿಗಿ ಹೋಗಿ ನರದ ಟೆಸ್ಟ್ ಮಾಡಸ್ರಿ. ಇರೋ ಒಂದ ಛಲೋ ಕೈ ಅದೇ ಅಲ್ರಿ.

ಕಣ್ಣಿನ ಬಗ್ಗಿ ನೀವು ಕೇಳಿಲ್ಲ, ನಾ ಕೇಳ್ತೀನಿ, ಚಸ್ಮಾ ಯಾವುದು? ಓದೋ ಚಸ್ಮಾ ಒಂದ ಮಳಾ ದೂರಕ್ಕ ಮಾಡಿರ್ತಾರ, ಬೆಂಚಿನ ಮ್ಯಾಲಿನ ಕಟಗಿ ಅದಕ್ಕಿಂತ ದೂರ ಇರ್ತದ, ಹಿಂಗಾಗಿ ಗೆರಿ ಕಾಣ್ಲಿ ಅಂತ ಬಗ್ಗಿ ಬಗ್ಗಿ ಮುಖಾನೇ ಬ್ಲೇಡಿನ ಹತ್ರ ಒಯ್ತೀರಿ. ಚಸ್ಮಾದೋರಿಗಿ ಟೇಪ್ ಹಿಡದು ತೋರಸ್ರಿ, ನನ್ನ ಕೆಲಸ ಇಷ್ಟ ದೂರದಾಗ ಇರ್ತದ, ಇದಕ್ಕ ಮಾಡಿ ಕೊಡ್ರಿ ಅಂತ. ಶುಗರ್ ಏರಿಳಿತ ಇದ್ದಾಗ ಮಾಡಿಸಿದ ನಂಬರ್ ಕೂಡಂಗಿಲ್ಲ, ಕಂಟ್ರೋಲ್‌ಗೆ ಬಂದ ಮ್ಯಾಲ ಮಾಡಸ್ರಿ. 60ರ ಕಣ್ಣಿಗಿ 20ರ ಕಣ್ಣಿಗಿಂತ ಸುಮಾರು ಮೂರ ಪಟ್ಟ ಬೆಳಕ ಬೇಕು, ಸಂಜಿ ಮುಂದ ಒಂದೇ ಟ್ಯೂಬ್‌ಲೈಟಿನ್ಯಾಗ ಪಟ್ಟಿ ಸೀಳಿದ್ದು ಅಲ್ಲೂ ನಿಮಗ ಮುಳುವಾಗ್ಯದ ಅನಸ್ತದ. ಹಳೀ ಚೋಕಿನ ಟ್ಯೂಬ್‌ಲೈಟ್ ಮಿನಗತಿರ್ತದ, ಅದರ ಕೆಳಗ ತಿರಗೋ ಬ್ಲೇಡ್ ನಿಂತಂಗ ಕಾಣೋದೂ ಉಂಟು.

ಟೈಮಿನ ಮಾತು. ಮಶೀನ್ ಕೆಲಸ ಮುಂಜಾನಿ ನಾಷ್ಟಾ ಆದ ಮ್ಯಾಲ, ಅಳತಿ, ಪಾಲಿಶ್, ಸ್ಕ್ರೂ ಹಾಕೋದು ಸಂಜಿಗಿ. ಏಪ್ರಿಲ್ ಮೇ ತಿಂಗಳಾಗ ನಮ್ಮ ಕಡೀ 42 ಡಿಗ್ರಿ ದಾಟ್ತದ, ವಯಸ್ಸಾದೋರಿಗಿ ನೀರಡಿಕಿನೂ ಕಡಿಮಿ, ಮಧ್ಯಾಹ್ನ ಪತ್ರಾಸಿನ ಕೆಳಗ ಮಶೀನ್ ಹಚ್ಚಬ್ಯಾಡ್ರಿ. ಶ್ರಾವಣ ಸೋಮವಾರ ಉಪವಾಸ ಮಾಡ್ತೀರೇನ್ರಿ? ಶುಗರ್ ಗುಳಗಿ ನುಂಗಿ ಊಟ ಬಿಟ್ರ ಕೆಲವು ಗುಳಗಿಗಿ ಶುಗರ್ ಇಳಿದು ಕೈ ನಡಗ್ತದ, ಕಣ್ಣ ಮಬ್ಬ ಆಗ್ತದ, ಆ ದಿನ ಬ್ಲೇಡ್ ಮುಟ್ಟಂಗೇ ಇಲ್ಲ, ಗುಳಗಿ ಹೆಂಗ ತಗೋಬೇಕು ಅಂತ ಡಾಕ್ಟರಿಗಿ ಮೊದ್ಲೇ ಕೇಳ್ರಿ. ನೆಗಡಿ ಗುಳಗಿ, ಕೆಮ್ಮಿನ ಔಷಧ ನುಂಗಿದ ದಿನಾನೂ ಅಷ್ಟೇ, ತೂಕಡಿಕಿ ಬರ್ತದ. ಧೂಳಿಗಿ ಎನ್95 ಮಾಸ್ಕ್, ಕಿವಿಗಿ ಮಫ್, ಕಣ್ಣಿಗಿ ಗಾಗಲ್, ಇವು ಮಗನಿಗೂ.

ಇನ್ನ ದೇವರ ದಯಾ ಹಂಗ ಆಗದಿರ್ಲಿ, ಆದ್ರೂ ಮನ್ಯಾಗ ಎಲ್ಲರಿಗಿ ಗೊತ್ತಿರ್ಲಿ: ಬೆರಳ ತುಂಡಾದ್ರ ಗಾಯಕ್ಕ ಸ್ವಚ್ಛ ಅರಿವಿ ಇಟ್ಟು ಗಟ್ಟಿ ಒತ್ತಿ ಕೈ ಮ್ಯಾಲ ಎತ್ತಿ ಹಿಡೀರಿ. ಅರಿಶಿಣ, ಕಾಫಿ ಪುಡಿ, ಬೀಡಿ ತಂಬಾಕ ಏನೂ ತುಂಬಬ್ಯಾಡ್ರಿ, ಬೆರಳಿಗಿ ದಾರ ಬಿಗಿಬ್ಯಾಡ್ರಿ, ಉಂಗುರ ಇದ್ರ ಲಗೂನ ತಗೀರಿ. ತುಂಡಾದ ಭಾಗ ನೀರಿಲೇ ತೊಳದು, ಒದ್ದಿ ಸ್ವಚ್ಛ ಅರಿವ್ಯಾಗ ಸುತ್ತಿ, ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಕಟ್ಟಿ, ಆ ಚೀಲ ಐಸ್ ಹಾಕಿದ ನೀರಿನ್ಯಾಗ ಇಡ್ರಿ. ಬರ್ಫಿನ ಮ್ಯಾಲ ಸೀದಾ ಇಟ್ರ ಮಾಂಸ ಸುಡ್ತದ, ಜೋಡಿಸ್ಲಾಕ ಬರಂಗಿಲ್ಲ. ಬೆರಳ ಜೋಡ್ಸೋ ಸರ್ಜನ್ ಕಲಬುರಗ್ಯಾಗ ಎಲ್ಲಿ ಸಿಗ್ತಾರ, ಇಲ್ಲಂದ್ರ ಸೊಲ್ಲಾಪುರಕ್ಕ ಹೋಗ್ಬೇಕಾ ಹೈದರಾಬಾದಕ್ಕಾ ಅಂತ ಈಗ್ಲೇ ಕೇಳಿ ನಂಬರ್ ಗೋಡಿ ಮ್ಯಾಲ ಬರ್ದಿಡ್ರಿ. ಟಿಟಿ ಇಂಜೆಕ್ಷನ್ ಹತ್ತ ವರ್ಷಕ್ಕೊಮ್ಮಿ. ಹಾರ್ಟಿಗಿ ರಕ್ತ ತೆಳು ಮಾಡೋ ಗುಳಗಿ ನಡದಿದ್ರ ಮೊದ್ಲ ಡಾಕ್ಟರಿಗಿ ಅದನ್ನ ಹೇಳ್ರಿ.

ಒಂದ ಕಾಗದದ ಕೆಲಸ ಅದ. ನೀವು ಕಟ್ಟೋ ಮನಿಗಳಿಗಿ ಹೋಗಿ ಬಾಗಲಾ ಕಿಡಕಿ ಫಿಟ್ ಮಾಡ್ತಿದ್ರ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡ್ ಮಾಡಸ್ರಿ, ಅದಕ್ಕ ವಯಸ್ಸ 18ರಿಂದ 60ರ ಒಳಗ ಇರ್ಬೇಕು, ಹಿಂದಿನ ಒಂದ ವರ್ಷದಾಗ 90 ದಿನ ಕೆಲಸ ಮಾಡಿರ್ಬೇಕು. ನಿಮಗ 58, ಅಂದ್ರ ಬಾಗಲಾ ಮುಚ್ಚಲಾಕ ಬಂದದ, ತಡಾ ಮಾಡಬ್ಯಾಡ್ರಿ. ಇನ್ನೊಂದು ಕೇಂದ್ರ ಸರಕಾರದ ಪಿಎಂ ವಿಶ್ವಕರ್ಮ ಯೋಜನಾ, 2023ರ ಸೆಪ್ಟೆಂಬರ್ 17ಕ್ಕ ಸುರು ಆದದ್ದು, ಅದರ 18 ಕಸುಬಿನ್ಯಾಗ ಬಡಿಗತನ ಅದ, ಟೂಲ್ ಕಿಟ್‌ಗೆ 15,000 ರೂಪಾಯಿ ತನಕ ಸಿಗ್ತದ, ಒಂದ ಕುಟುಂಬಕ್ಕ ಒಬ್ರಿಗೇ, ಕುಟುಂಬ ಅಂದ್ರ ಗಂಡ, ಹೆಂಡತಿ, ಮದಿವಿ ಆಗಲಾರ್ದ ಮಕ್ಕಳು. ಮಗನ ಮದಿವಿ ಆಗಿಲ್ಲಂದ್ರ ಹೆಸರ ಯಾರ್ದು ಹಚ್ಚಬೇಕು ಅಂತ ಅಪ್ಪ ಮಗ ಕೂತು ಮಾತಾಡ್ಕೋರಿ, ಅರ್ಜಿ ಈಗ ತಗೊಂತಾರೇನ್ ಅಂತ ಸರಕಾರಿ ಅರ್ಜಿ ಹಾಕೋ ಸಿಎಸ್‌ಸಿ ಸೆಂಟರ್‌ನ್ಯಾಗ ಕೇಳ್ರಿ. ನಮ್ಮ ಕಡಿ ತೋರಸ್ಲಾಕ ಬರುವಾಗ ಆಪರೇಶನ್ ಕಾಗದ, ಹೋದ ತಿಂಗಳಿನ ಶುಗರ್ ರಿಪೋರ್ಟ್, ನುಂಗೋ ಗುಳಗಿಗಳ ಪಟ್ಟಿ, ಮತ್ತ ನೀವು ದಿನಾ ಹಿಡ್ಯೋ ಉಳಿ ಒಂದ ತರ್ರಿ, ಹೆಂಗ ಹಿಡೀತೀರಿ ಅಂತ ಅದರ ಮ್ಯಾಲೇ ನೋಡಬೇಕು.